ಕೊಟ್ಟು ಮರಳಿ ತಂದ ಕುರ್ಚಿ

ಸುಮ್ಮನೆ ಕೂರುವುದು ಲಿಫ್ಟ್ ಮೇಸ್ತ್ರಿಗೆ ಯಾವತ್ತೂ ಬಾರದ ವಿದ್ಯೆ. ಅಂಥವನನ್ನೇ ಹಿಡಿದು ಕೂರಿಸಿತು ನೋಡಿ ಹಣೆಬರಹ. ಏಳು ವರ್ಷದ ಹಿಂದೆ ಎತ್ತರದ ಕಟ್ಟಡವೊಂದರಲ್ಲಿ ಲಿಫ್ಟಿನ ಕೇಬಲ್ ಪರೀಕ್ಷಿಸುತ್ತಿದ್ದಾಗ ಜಾರಿ ಹೊಂಡಕ್ಕೆ ಬಿದ್ದ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗಿನದೆಲ್ಲ ಅವನ ಮಾತು ಕೇಳುವುದನ್ನು ಬಿಟ್ಟಿತು. ಈಗ ನೆಲಮಹಡಿಯ ಎರಡು ಕೋಣೆಯ ಮನೆಯಲ್ಲಿ ಗಾಲಿಕುರ್ಚಿಯಲ್ಲಿ ಕೂತು ಬೀದಿಯವರ ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುತ್ತಾನೆ. ಕೂತು ಎಂದರೆ ಅದೂ ಅರ್ಧ ಸುಳ್ಳೇ. ಮಿಕ್ಸಿ ಬಿಚ್ಚಿಟ್ಟು ಕಿಟಕಿಗೆ ಹೋಗುತ್ತಾನೆ, ಅಲ್ಲಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ. ನೆಲದ ಮೇಲೆ ಗಾಲಿಗಳು ತಿಕ್ಕಿ ತಿಕ್ಕಿ ಎರಡು ಗೆರೆಯೇ ಬಿದ್ದಿವೆ.

ಹೆಂಡತಿ ಬೇಕರಿಯ ಕೌಂಟರಿನಲ್ಲಿ ದಿನವಿಡೀ ನಿಂತು ಬರುವವಳು. "ನಂಗೆ ನಿಂತೂ ನಿಂತೂ ಸಾಕಾಯ್ತು, ನಿಮಗೆ ಕೂತೂ ಕೂತೂ ಸಾಕಾಯ್ತು. ದೇವ್ರು ಹಂಚೋವಾಗ ಅದಲುಬದಲು ಮಾಡ್ಬಿಟ್ಟ" ಎಂದು ನಗುತ್ತಾಳೆ. ನಗುವವಳೇ. ಆದರೆ ಕಾಲಿನ ಮಾತು ಎತ್ತಿದರೆ ಮಾತ್ರ ಅವಳ ಮುಖ ಗಂಟಿಕ್ಕುತ್ತದೆ.

ಅಂಥ ಮನೆಯಲ್ಲಿ, ಅವಳು ಕೆಲಸಕ್ಕೆ ಹೋಗಿದ್ದ ಒಂದು ಮಧ್ಯಾಹ್ನ, ಅವನ ಬಲಗಾಲಿನ ಹೆಬ್ಬೆರಳು ಅಲ್ಲಾಡಿತು. ಕದ್ದು ಸಿಕ್ಕಿಬಿದ್ದವನ ಹಾಗೆ ಮೇಸ್ತ್ರಿ ಸುತ್ತ ನೋಡಿದ. 'ಇನ್ನೊಮ್ಮೆ' ಎಂದು ಮನಸ್ಸಿನಲ್ಲೇ ಹೇಳಿದ. ಅಲ್ಲಾಡಿತು. 'ಇನ್ನೊಮ್ಮೆ' ಎಂದ. ಅಲ್ಲಾಡಲಿಲ್ಲ. 

ಖುಷಿಪಡಬೇಕಾದ ಹೊತ್ತು. ಆದರೆ ಆ ಖುಷಿಯಿಂದ ಈ ಮನೆ ಒಮ್ಮೆ ಕೈ ಸುಟ್ಟುಕೊಂಡಿತ್ತು. ಬಿದ್ದ ಮರುವರ್ಷ ಒಂದು ಬೆಳಿಗ್ಗೆ ಅವನ ಎರಡೂ ಕಾಲು ಇದ್ದಕ್ಕಿದ್ದಂತೆ ಹೊದಿಕೆಯನ್ನು ಒದ್ದಿದ್ದವು. ಹೆಂಡತಿ ಬರಿಗಾಲಲ್ಲಿ ಬೀದಿಗೆ ಓಡಿದ್ದಳು. ಅವಳ ಅಣ್ಣ ಸಿಹಿ ತಂದು ಮನೆಮನೆಗೆ ಹಂಚಿದ್ದ. ಎರಡು ದಿನದಲ್ಲಿ, ಇನ್ನು ಇದು ನಮಗೆ ಯಾಕೆ ಎಂದು, ಅವಳು ಗಾಲಿಕುರ್ಚಿಯನ್ನು ಬೀದಿಯ ಕೊನೆಯ ಮನೆಯ ಮುದಿ ಮೇಷ್ಟರಿಗೆ ಕೊಟ್ಟುಬಿಟ್ಟಳು. ಪಾಪ, ಲಕ್ವ ಹೊಡೆದು ಮಲಗಿದ್ದ ಮನುಷ್ಯ. ಆಮೇಲೆ ಡಾಕ್ಟರು ಹೇಳಿದರು: "ಇದು ಬರೀ ಸೆಟೆತ ಅಮ್ಮ. ಕಾಲು ತಾನಾಗಿ ಒದೀತಾ ಇದೆ, ಅವರು ಒದೀತಾ ಇಲ್ಲ."

ಕೊಟ್ಟ ಕುರ್ಚಿಯನ್ನು ವಾಪಸ್ ಕೇಳಲು ಹೋದವಳು ಅವಳೇ. ಮೇಷ್ಟರ ಹೆಂಡತಿ ಒಂದು ಮಾತೂ ಆಡದೆ, ಒದ್ದೆ ಬಟ್ಟೆಯಲ್ಲಿ ಕುರ್ಚಿ ಒರೆಸಿ ಕೊಟ್ಟರಂತೆ. ಬೈದಿದ್ದರೂ ತಡೆದುಕೊಳ್ಳುತ್ತಿದ್ದಳು, ಆ ಒರೆಸಿದ್ದು ಅವಳ ಎದೆಯಲ್ಲಿ ಚುಚ್ಚಿಕೊಂಡೇ ಉಳಿಯಿತು. "ಇನ್ಮೇಲೆ ಈ ಮನೇಲಿ ಕಾಲಿನ ಸುದ್ದಿ ಬೇಡ" ಎಂದಳು. ಬೇಡ ಎಂದವಳು ಬೆಳಗಿನ ಆರೈಕೆಯನ್ನು ಮಾತ್ರ ಒಂದು ದಿನವೂ ಬಿಡಲಿಲ್ಲ. ಅವನ ಕಾಲುಗಳನ್ನು ಮಡಚಿ, ಚಾಚಿ, ಪಾದ ತಿರುಗಿಸಿ, ಆಮೇಲೇ ಬೇಕರಿಗೆ ಓಡುತ್ತಾಳೆ.

ಈಗ ಬೆರಳು ಅಲ್ಲಾಡಿದ ಮೇಲೆ ಮೇಸ್ತ್ರಿಗೆ ನಿದ್ದೆ ಹಾರಿಹೋಯಿತು. ಬಟನ್ ಒತ್ತದೆ ತಾನಾಗಿ ಹೊರಡುವ ಲಿಫ್ಟು ಕೆಟ್ಟದ್ದು, ಒತ್ತಿದಾಗ ಬರುವುದು ಸರಿಯಾದದ್ದು. ಇಷ್ಟೇ ಅವನಿಗೆ ಗೊತ್ತಿದ್ದ ಶಾಸ್ತ್ರ. ಹಾಗಾಗಿ ದಿನವೂ ಅವಳು ಹೊರಗೆ ಕಾಲಿಟ್ಟದ್ದೇ ತಡ, ಕಾಲಿಗೆ ಅಪ್ಪಣೆ ಕೊಡುತ್ತ ಕೂತ. ಕೆಲವು ಸಲ ಬಂತು, ಕೆಲವು ಸಲ ಇಲ್ಲ. ವಾರಗಳು ಕಳೆದಂತೆ ಬೆರಳಿನ ಹಿಂದೆ ಪಾದವೂ ಕದಲಿತು. ರಿಪೇರಿಗೆ ಬಂದವರು ಬೈದು ಹೋದರು. "ಏನ್ ಮೇಸ್ತ್ರಿ, ನನ್ನ ಫ್ಯಾನು ಮಳೆಗಾಲಕ್ಕೆ ರೆಡಿ ಆಗುತ್ತಾ?" ಎಂದು ಕೇಳಿದ ಗಿರಾಕಿಗೆ ಹೂಂ ಎಂದುಬಿಟ್ಟ. ಫಿಸಿಯೋಥೆರಪಿಗೆ ಹೋಗಬೇಕು, ಈಗಲೇ ಹೋಗಬೇಕು. ಆದರೆ ಹೊಸ್ತಿಲಿನ ಮೂರು ಮೆಟ್ಟಿಲು ಇಳಿಸಿ, ಬಸ್ಸಿಗೆ ಹತ್ತಿಸಿ ಕರೆದೊಯ್ಯುವವಳು ಅವಳು. ಅವಳು ನಂಬದೆ ಅವನು ಬಾಗಿಲೂ ದಾಟಲಾರ.

ಕೊನೆಗೆ ತಡೆಯಲಾರದೆ ಒಂದು ಸಂಜೆ ಬಾಯಿಬಿಟ್ಟ. "ಇಲ್ಲಿ ಬಾ. ಬೆರಳು ನೋಡು."

ಚಹಾದ ಲೋಟ ಅವನ ಪಕ್ಕದ ಸ್ಟೂಲಿನ ಮೇಲಿಟ್ಟು ಅವಳು ನಿಂತಳು. ಅವನು ಹಲ್ಲು ಕಚ್ಚಿದ, ಉಸಿರು ಕಟ್ಟಿದ. ಬೆರಳು ಕಲ್ಲಿನಂತೆ ಬಿದ್ದಿತ್ತು. ಇನ್ನಷ್ಟು ಬಿಗಿದ. ಆಗಲೇ ಬರಬೇಕೇ ಆ ಹಾಳು ಸೆಟೆತ? ಎರಡೂ ಕಾಲು ಝಾಡಿಸಿ ಸ್ಟೂಲನ್ನು ಒದ್ದವು, ಚಹಾ ನೆಲದ ಪಾಲಾಯಿತು.

"ನೋಡಿದೆ" ಎಂದಳು ಅವಳು, ಬಟ್ಟೆ ತಂದು ನೆಲ ಒರೆಸುತ್ತ. "ನಂಗೆ ಇನ್ನೊಂದು ಸಲ ಆ ಮನೆ ಬಾಗಿಲಿಗೆ ಹೋಗೋ ಶಕ್ತಿ ಇಲ್ಲ ಕಣ್ರೀ." ಅವಳಿಗೆ ಅಳು ಬಂದಿತ್ತು. ಅವನಿಗೂ ಬಂದಿತ್ತು, ಜೊತೆಗೆ ಸಿಟ್ಟೂ. ತನ್ನ ಕಾಲೇ ತನಗೆ ಸುಳ್ಳುಸಾಕ್ಷಿ ಹೇಳಿದರೆ ಯಾರ ಹತ್ತಿರ ದೂರಬೇಕು?

ಅಂದಿನಿಂದ ಅವನು ಬಾಯಿ ಹೊಲಿದುಕೊಂಡ. ಅಭ್ಯಾಸ ಮಾತ್ರ ಬಿಡಲಿಲ್ಲ.

ಒಂದು ಬೆಳಿಗ್ಗೆ ಬೇಕರಿಗೆ ಹೊತ್ತಾಗಿತ್ತು. ಅವಳು ದಡಬಡ ಕಸ ಗುಡಿಸುತ್ತಿದ್ದಳು. ದಿನವೂ ಕುರ್ಚಿಯ ಹತ್ತಿರ ಬಂದಾಗ ಬಗ್ಗಿ, ಪ್ಯಾಂಟಿನ ತುದಿ ಹಿಡಿದು ಅವನ ಪಾದ ಪಕ್ಕಕ್ಕೆ ಸರಿಸಿ ಗುಡಿಸುವುದು ಅವಳ ರೂಢಿ. ಅವನು ಕೆಟ್ಟ ಇಸ್ತ್ರಿಪೆಟ್ಟಿಗೆಯೊಂದರ ವೈರಿನಲ್ಲಿ ಮುಳುಗಿದ್ದ. ಅವಳ ಮನಸ್ಸು ಆಗಲೇ ಬಸ್ ಸ್ಟಾಪಿನಲ್ಲಿತ್ತು. ಅದೆಷ್ಟೋ ವರ್ಷದ ಹಿಂದಿನ ಬೆಳಗಿನಂತೆ ಮಾತು ಬಾಯಿಂದ ಜಾರಿತು.

"ಕಾಲೆತ್ರೀ ಸ್ವಲ್ಪ."

ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡಳು. ಅಷ್ಟರಲ್ಲಿ ಬಲಪಾದದ ಮುಂಭಾಗ ಕುರ್ಚಿಯ ಕಾಲುಹಲಗೆಯಿಂದ ಮೇಲೆದ್ದಿತ್ತು. ಹೆಚ್ಚೇನಲ್ಲ, ಪೊರಕೆಯ ತುದಿ ನುಸುಳುವಷ್ಟು. ಎತ್ತಿದ್ದು ಅವನಿಗೇ ಆಮೇಲೆ ತಿಳಿಯಿತು. ಇಸ್ತ್ರಿಪೆಟ್ಟಿಗೆ ಮಡಿಲಿಗೆ ಬಿತ್ತು.

ಅವಳು ಪೊರಕೆ ಹಿಡಿದೇ ನೆಲದ ಮೇಲೆ ಕುಕ್ಕರಿಸಿದಳು. "ಇಳಿಸಿ" ಎಂದಳು. ಪಾದ ಇಳಿಯಿತು. "ಎತ್ತಿ." ನಡುಗುತ್ತ ಎದ್ದಿತು. "ಇಳಿಸಿ." ಇಳಿಯಿತು. ಅವಳು ಸುಮ್ಮನಿದ್ದಳು, ಪಾದವೂ ಸುಮ್ಮನಿತ್ತು. "ಎತ್ತಿ" ಎಂದಳು ಮತ್ತೆ, ಈ ಸಲ ದನಿ ಒಡೆದು. ಎದ್ದಿತು.

"ಎಡಗಾಲು?"

"ಅದಕ್ಕಿನ್ನೂ ನಿನ್ನ ಹೆದರಿಕೆ ಇಲ್ಲ" ಎಂದ ಅವನು, ಮೂಗು ಒರೆಸಿಕೊಳ್ಳುತ್ತ.

ಅವಳು ಎದ್ದು ಬೇಕರಿಗೆ ಫೋನ್ ಮಾಡಿ ಇವತ್ತು ಬರುವುದಿಲ್ಲ ಎಂದಳು. ಅವನ ಅಂಗಿ ತಂದು ತೊಡಿಸಿದಳು, ಗುಂಡಿಗಳನ್ನು ಅವಸರದಲ್ಲಿ ಒಂದೊಂದು ಕಾಜಾ ತಪ್ಪಿಸಿ ಹಾಕಿದಳು. ಕುರ್ಚಿಯನ್ನು ಹೊಸ್ತಿಲಿನವರೆಗೆ ತಳ್ಳಿ ನಿಲ್ಲಿಸಿ, ಅದರ ಹಿಡಿಕೆಗಳನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

"ನಡೀರಿ, ತೋರಿಸ್ಕೊಂಡು ಬರೋಣ. ಆದ್ರೆ ನೀವು ಓಡಾಡೋ ಹಾಗಾದ್ರೂ ಸರಿ, ಈ ಕುರ್ಚೀನ ಮಾತ್ರ ನಾನು ಯಾರಿಗೂ ಕೊಡಲ್ಲ."