ಕೃಪಾಮಣಿ ಸ್ಕೂಟರ್ ಕಲಿತದ್ದು

ರಾಜೀವನಗರದ ಅಂಗನವಾಡಿಯಲ್ಲಿ ಟೀಚರ್ ಆಗಿದ್ದ ಕೃಪಾಮಣಿಗೆ ಐವತ್ತು ದಾಟಿದ ಮೇಲೂ ಸ್ಕೂಟರಿನ ಹಿಂದಿನ ಸೀಟಷ್ಟೇ ಗೊತ್ತಿದ್ದದ್ದು. ಮುಂದೆ ಗಂಡ ಸತ್ಯಮಿತ್ರ ಇರುತ್ತಿದ್ದರು. ಲೈನ್‌ಮನ್ ಕೆಲಸದಿಂದ ನಿವೃತ್ತರಾದರೂ ಅವರಿಗೆ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಹೆಂಡತಿಯನ್ನು ಅಂಗನವಾಡಿಗೆ ಬಿಡುವುದು, ಭಾನುವಾರ ಚರ್ಚಿಗೆ, ಅಲ್ಲಿನ ಸಭೆಯವರಲ್ಲಿ ಯಾರಿಗಾದರೂ ಹುಷಾರಿಲ್ಲವೆಂದರೆ ಅವರ ಮನೆಗೆ.

ಮದುವೆಯಾದ ಹೊಸದರಲ್ಲೇ ಇಬ್ಬರೂ ಒಂದು ರೂಢಿ ಮಾಡಿಕೊಂಡಿದ್ದರು. ಸಂಜೆಯ ಪ್ರಾರ್ಥನೆ ಮುಗಿಸಿ ಏಳುವ ಮುಂಚೆ, ಆ ದಿನ ದೇವರು ಕೊಟ್ಟ ಒಂದು ಒಳ್ಳೆಯದನ್ನು ನೆನೆದು ಅವನಿಗೆ ಸ್ತೋತ್ರ, ಅಂದರೆ ಕೃತಜ್ಞತೆ, ಹೇಳಬೇಕು. ‘ಎಲ್ಲದಕ್ಕೂ ಸ್ತೋತ್ರ’ ಎಂದು ಜಾರಿಕೊಳ್ಳುವಂತಿಲ್ಲ. ನಲ್ಲಿಯಲ್ಲಿ ನೀರು ಬಂದದ್ದೋ, ಊಟಕ್ಕೆ ಹಟ ಮಾಡುವ ಮಗು ಮೊಟ್ಟೆ ಪೂರ್ತಿ ತಿಂದದ್ದೋ, ಇಂಥದ್ದಕ್ಕೇ ಎಂದು ಹೇಳಬೇಕು.

ಸತ್ಯಮಿತ್ರರ ಕಣ್ಣು ಮಂಜಾದಾಗ ಪೊರೆ ಎಂದುಕೊಂಡರು. ಪೊರೆಯಲ್ಲ, ಕಣ್ಣಿನ ನರವೇ ಒಣಗುತ್ತಿದೆ, ಹೋದ ದೃಷ್ಟಿ ಮರಳುವುದಿಲ್ಲ ಎಂದರು ಡಾಕ್ಟರು. ವರ್ಷ ಮುಗಿಯುವಷ್ಟರಲ್ಲಿ ಕಿಟಕಿ ಯಾವ ಕಡೆಯಿದೆ ಎಂಬುದಷ್ಟೇ ತಿಳಿಯುತ್ತಿತ್ತು. ಸ್ಕೂಟರಿಗೆ ಟಾರ್ಪಾಲು ಹೊದಿಸಿದರು. ಆಟೋದಲ್ಲಿ ಚರ್ಚಿಗೆ ಹೋಗೋಣವೆಂದರೆ, “ಜನ ಕೈ ಹಿಡಿದು ಕೂರಿಸೋದು ನಂಗೆ ಬೇಡ” ಎಂದುಬಿಟ್ಟರು. ಸಂಜೆ ಪ್ರಾರ್ಥನೆಗೆ ಬಂದು ಕೂರುತ್ತಿದ್ದರು, ಬಾಯಿ ಬಿಡುತ್ತಿರಲಿಲ್ಲ.

ಒಂದು ದಿನ ಹೆಂಡತಿಯ ಸ್ತೋತ್ರದ ನಡುವೆಯೇ ಸಿಡುಕಿದರು. “ಕಣ್ಣು ಕಿತ್ಕೊಂಡಿದ್ದಕ್ಕೂ ಸ್ತೋತ್ರ ಹೇಳ್ಬೇಕೇನೇ?”

“ಅದಕ್ಕೆ ನಾನು ಹೇಳ್ತಿಲ್ಲ ಕಣ್ರೀ,” ಎಂದರು ಕೃಪಾಮಣಿ. “ಅದನ್ನ ನೆನೆದ್ರೆ ನಂಗೂ ಅಳು ಬರುತ್ತೆ, ದೇವರ ಹತ್ರಾನೇ ಅಳ್ತೀನಿ. ಆದ್ರೆ ಇವತ್ತು ನೀವು ನನ್ನ ಪಕ್ಕ ಕೂತಿದೀರಿ. ಇದನ್ನೂ ಅವನೇ ಕೊಟ್ಟಿದ್ದಲ್ವಾ? ಇದಕ್ಕೆ ಹೇಳ್ತಿದೀನಿ.”

ಸತ್ಯಮಿತ್ರ ಎದ್ದು ಹೋಗಲಿಲ್ಲ.

ಮಾರನೆಯ ಬೆಳಿಗ್ಗೆ ಕೃಪಾಮಣಿ ಟಾರ್ಪಾಲು ಸರಿಸಿ ಸ್ಕೂಟರನ್ನು ನೋಡಿದರು. ಪಕ್ಕದ ಮನೆಯ ಸೊಸೆ ನಿಶ್ಚಿತಾಳನ್ನು ಕೂಗಿ, “ನಂಗೆ ಕಲಿಸ್ತೀಯೇನಮ್ಮಾ?” ಎಂದರು. ಅವಳು ಒಂದು ಗಳಿಗೆ ಕಣ್ಣರಳಿಸಿ, “ಬನ್ನಿ ಆಂಟಿ, ಸೀರೆ ಸ್ವಲ್ಪ ಎತ್ತಿ ಕಟ್ಟಿ” ಎಂದಳು.

ಸಿದ್ಧಾರ್ಥನಗರದ ಮೈದಾನದಲ್ಲಿ ಮೊದಲ ದಿನವೇ ಬಿದ್ದರು. ಸಂಜೆ ಪ್ರಾರ್ಥನೆಯಲ್ಲಿ ಹೇಳಿದರು: “ಸ್ವಾಮಿ, ಸ್ಕೂಟರಿಂದ ಬಿದ್ದೆ. ಮಂಡಿ ತರಚಿತು, ಮೂಳೆ ಮುರೀಲಿಲ್ಲ. ನಿನಗೆ ಸ್ತೋತ್ರ.”

ಸತ್ಯಮಿತ್ರರಿಗೆ ಇದು ಹೊಸ ಸುದ್ದಿ. “ಏನು? ನೀನಾ? ಸ್ಕೂಟರಾ?” ಎಂದವರು ನಕ್ಕೇ ನಕ್ಕರು. ಎಷ್ಟೋ ತಿಂಗಳ ಮೇಲೆ ಆ ಮನೆಯಲ್ಲಿ ಕೇಳಿದ ನಗು ಅದು. “ಬ್ರೇಕ್ ಹಿಡಿದೋಳು ಆಕ್ಸಿಲರೇಟರ್ ಬಿಟ್ಟಿರಲ್ಲ ಕಣೇ ನೀನು. ನಾಳೆ ನಾನೂ ಬರ್ತೀನಿ.”

ಬಂದರು. ಮೈದಾನದ ಕಲ್ಲುಬೆಂಚಿನ ಮೇಲೆ ಕೂತು, ಇಂಜಿನ್ ಸದ್ದಿಗೆ ಕಿವಿಗೊಟ್ಟು, “ನಿಧಾನ, ತಿರುಗಿಸೋವಾಗ ಹೆದರ್ಬೇಡ!” ಎಂದು ಕೂಗುತ್ತಿದ್ದರು. ಆ ಸಂಜೆ ಕೃಪಾಮಣಿ ಕಣ್ಣು ಮುಚ್ಚಿ ಕೂತಿದ್ದಾಗ ಪಕ್ಕದಿಂದ ದನಿ ಬಂತು. “ಸ್ವಾಮಿ, ಇವತ್ತು ಇವಳ ಗಾಡಿ ಸದ್ದು ಒಂದೇ ಸಮ ಇತ್ತು. ಸ್ತೋತ್ರ.” ಕೃಪಾಮಣಿ ಸೆರಗಿನಿಂದ ಮುಖ ಒರೆಸಿಕೊಂಡರು.

ಲೈಸೆನ್ಸಿನ ಪರೀಕ್ಷೆಯಲ್ಲಿ ಎಂಟರ ಆಕಾರದಲ್ಲಿ ಸುತ್ತು ಹಾಕುವಾಗ ಕಾಲು ನೆಲಕ್ಕೆ ಊರಿ ಫೇಲಾದರು. ಮತ್ತೆ ಹೋದರು. ಈ ಸಲ ಎಂಟು ಸಲೀಸಾಗಿ ಬಂತು. ಇನ್‌ಸ್ಪೆಕ್ಟರ್ ಸಾಕು ಎಂದ ಮೇಲೂ ಇನ್ನೊಂದು ಸುತ್ತು ಹಾಕಿ ಇಳಿದರು.

ಸತ್ಯಮಿತ್ರರ ತಂಗಿ ಶಾಲಿನಿ ಮಂಡಕಳ್ಳಿಯಲ್ಲಿ ಮನೆ ಕಟ್ಟಿಸಿ ಕೃತಜ್ಞತಾ ಪ್ರಾರ್ಥನೆ ಇಟ್ಟುಕೊಂಡಿದ್ದಳು. ಶನಿವಾರ ಬೆಳಿಗ್ಗೆ ಕೃಪಾಮಣಿ ಮುಂದೆ, ಸತ್ಯಮಿತ್ರ ಹಿಂದೆ ಕೂತು ಹೊರಟರು. ರಿಂಗ್ ರಸ್ತೆಯಲ್ಲಿ ಲಾರಿಯೊಂದು ಹಾರ್ನ್ ಮಾಡಿದಾಗ ಕೃಪಾಮಣಿ ಹಿಡಿಕೆ ಬಿಗಿ ಹಿಡಿದರು. “ಹೋಗ್ಲಿ ಬುಡು, ನಿನ್ನ ದಾರೀಲಿ ನೀನು ನಡಿ” ಎಂದರು ಹಿಂದೆ ಕೂತಿದ್ದ ಗಂಡ. ಗಾಳಿ ಮುಖಕ್ಕೆ ರಾಚುತ್ತಿತ್ತು. ಸತ್ಯಮಿತ್ರ ಗಟ್ಟಿಯಾಗಿ ಕೀರ್ತನೆ ಎತ್ತಿದರು, ಸಿಗ್ನಲ್ಲಿನಲ್ಲಿ ನಿಂತಾಗಲೂ ನಿಲ್ಲಿಸಲಿಲ್ಲ.

ಪ್ರಾರ್ಥನೆಯ ಕೊನೆಯಲ್ಲಿ, ದೇವರು ಮಾಡಿದ ಒಳ್ಳೆಯದರ ಬಗ್ಗೆ ಯಾರಾದರೂ ಸಾಕ್ಷಿ ಹೇಳುವುದಿದೆಯೇ ಎಂದು ಸಭೆಯ ಪಾದ್ರಿ ಅಯ್ಯನವರು ಕೇಳಿದರು. ಸತ್ಯಮಿತ್ರ ತಾವಾಗಿಯೇ ಎದ್ದು ನಿಂತರು.

“ನನ್ನ ಕಣ್ಣು ವಾಪಸ್ ಬಂದಿಲ್ಲ. ಬೇಕು ಅಂತ ಈಗಲೂ ಕೇಳ್ತೀನಿ. ಆದ್ರೆ ನಾನು ಬಾಯಿ ಮುಚ್ಕೊಂಡಿದ್ದಾಗ ಇವಳು ನನ್ನ ಪಾಲಿನ ಸ್ತೋತ್ರಾನೂ ಹೇಳಿದ್ಲು. ಇವತ್ತು ರಾಜೀವನಗರದಿಂದ ಇಲ್ಲಿವರೆಗೆ ಇವಳೇ ಕರ್ಕೊಂಡು ಬಂದ್ಲು. ದೇವರಿಗೆ ಸ್ತೋತ್ರ!”

ತುಂಬಿದ ಮನೆ ಒಟ್ಟಿಗೆ “ಸ್ತೋತ್ರ!” ಎಂದಿತು. ಕೃಪಾಮಣಿ ತಲೆ ತಗ್ಗಿಸಲಿಲ್ಲ, ಎಲ್ಲರ ಕಡೆ ನೋಡಿ ನಕ್ಕರು.

ಊಟವಾದ ಮೇಲೆ ಹೆಂಗಸರೆಲ್ಲ ಸ್ಕೂಟರಿನ ಸುತ್ತ ಸೇರಿದರು. ಶಾಲಿನಿ ಹಿಡಿಕೆ ಮುಟ್ಟಿ ನೋಡಿ, “ಅತ್ತಿಗೆ, ನಂಗೂ ಬರುತ್ತಾ?” ಎಂದಳು.

“ಬರದೇ ಏನು? ಸೀರೆ ಎತ್ತಿ ಕಟ್ಟು,” ಎಂದು ಕೃಪಾಮಣಿ ಕೀಲಿಯನ್ನು ನಾದಿನಿಯ ಕೈಗಿಟ್ಟರು.