ಕಾಚಂಪುಳಿ ಹಚ್ಚಿದ ಮುಖ

೧೯೩೬ರಲ್ಲಿ ನಾನು ಕೊಡಗಿನ ಮೂರ್ನಾಡಿನಿಂದ ಒಳಗೆ, ಕಾಫಿ ತೋಟಗಳ ನಡುವಿನ ಒಂದು ಸಣ್ಣ ಡಿಸ್ಪೆನ್ಸರಿಗೆ ಸಬ್ ಅಸಿಸ್ಟೆಂಟ್ ಸರ್ಜನ್ ಆಗಿ ಬಂದೆ. ಹುದ್ದೆಯ ಹೆಸರು ಮಾರುದ್ದ. ಕೆಲಸವೆಂದರೆ ಬೆಳಗಿನಿಂದ ಸಂಜೆವರೆಗೆ ಮಲೇರಿಯಾದವರಿಗೆ ಕ್ವಿನೈನ್ ಕುಡಿಸುವುದು. ನಾನು ಪುತ್ತೂರು ಕಡೆಯವನು, ಮದ್ರಾಸಿನಲ್ಲಿ ಎಲ್.ಎಂ.ಪಿ. ಡಾಕ್ಟರಿಕೆ ಓದಿದವನು. ಆ ವಯಸ್ಸಿನಲ್ಲಿ ನನಗೆ ಗೊತ್ತಿಲ್ಲದ್ದು ಲೋಕದಲ್ಲಿ ಏನೂ ಇರಲಿಲ್ಲ!

ಆ ಮಳೆಗಾಲ ದೇವಮ್ಮ ಎಂಬ ಅಜ್ಜಿ ತಮ್ಮ ಮೊಮ್ಮಗಳು ಸೀತೆಯನ್ನು ಕರೆದುಕೊಂಡು ಬಂದರು. ಅಜ್ಜಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮನೆಯಲ್ಲಿ ಅಡುಗೆಗಿದ್ದವರು. ತಂದೆತಾಯಿ ಇಲ್ಲದ ಸೀತೆಗೆ ಹದಿನೇಳೋ ಹದಿನೆಂಟೋ. ಕೆನ್ನೆ, ಹಣೆ ತುಂಬ ಕೀವು ಕಟ್ಟಿದ ಮೊಡವೆ. ಒಣಗಿದ ಕಡೆಯೆಲ್ಲ ಕಪ್ಪು ಕಲೆ.

"ಬಂಗ್ಲೆಯ ದೊರೆಸಾನಿ ಮಗು ನೋಡ್ಕೊಳ್ಳೋಕೆ ಇವಳನ್ನ ಆಯಾ ಮಾಡ್ತೇನೆ ಅಂದಿದ್ರು ಡಾಕ್ಟ್ರೇ," ಎಂದರು ಅಜ್ಜಿ. "ಮುಖ ನೋಡಿ ಹಿಂದೆ ಸರಿದ್ರು. ಈಗಿರೋ ಆಯಾ ತಿಂಗಳ ಕೊನೆಗೆ ಬಿಡ್ತಾಳೆ, ಅಷ್ಟರೊಳಗೆ ಮುಖ ಸರಿ ಮಾಡ್ಕೊಂಡು ಬಾ ಅಂದ್ರಂತೆ. ಇಲ್ದಿದ್ರೆ ಇವಳಿಗೆ ತೋಟದಲ್ಲಿ ಕಾಫಿ ಹಣ್ಣು ಕೊಯ್ಯೋ ಪಿಕ್ಕಿಂಗೇ ಗತಿ. ಎದೆ ಹಿಡಿಯೋ ಹುಡುಗಿ, ಚಳೀಲಿ ಎಂತ ಮಾಡ್ತಾಳೆ?"

ಸೀತೆಗೆ ಆಸ್ತಮಾ ಇತ್ತು. ಆಯಾ ಕೆಲಸ ಸಿಕ್ಕರೆ ಬೆಚ್ಚಗಿನ ಸೂರು, ಹೊತ್ತಿಗೆ ಊಟ. ನಾನು ಗತ್ತಿನಿಂದ ಪಾಠ ಹೇಳಿದೆ: ಮೊಡವೆ ಅಂಟುರೋಗವಲ್ಲ, ಚರ್ಮದ ಎಣ್ಣೆಗ್ರಂಥಿಯ ಬಾಯಿ ಕಟ್ಟಿಕೊಂಡು ಬರುವುದು, ಹಿಸುಕಿದರೆ ಕಲೆ ಉಳಿಯುತ್ತದೆ. ಗಂಧಕದ ಲೋಷನ್ ಕೊಟ್ಟು ಕಳಿಸಿದೆ.

ಎರಡು ವಾರಕ್ಕೆ ಮೊಡವೆ ಇಳಿಯಿತು, ಕಲೆ ಇಳಿಯಲಿಲ್ಲ. ಕಲೆಗೆ ತಿಂಗಳುಗಟ್ಟಲೆ ಬೇಕು. ಅಜ್ಜಿಗೆ ಅಷ್ಟು ಸಮಯವಿರಲಿಲ್ಲ. ಅಂದು ಡಿಸ್ಪೆನ್ಸರಿಯ ಜಗಲಿ ತುಂಬ ಜ್ವರದವರು. ಸೀತೆಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಸಾಲಿನ ಆಚೆಯಿಂದಲೇ ಅಜ್ಜಿ ಕೇಳಿದರು: "ಡಾಕ್ಟ್ರೇ, ಕಲೆಗೆ ಕಾಚಂಪುಳಿ ಹಚ್ಚಬಹುದಾ? ತಾಮ್ರದ ಚೆಂಬಿನ ಕರೆಯೆಲ್ಲ ಅದ್ರಲ್ಲೇ ಹೋಗೋದು."

ಹಂದಿಮಾಂಸದ ಸಾರಿಗೆ ಕೊಡಗಿನವರು ಹಾಕುವ ಹುಳಿ ಅದು ಎಂದು ಕೇಳಿದ್ದೆ, ಅಷ್ಟೇ. ನನ್ನದು ಸಸ್ಯಾಹಾರದ ಅಡುಗೆಮನೆ, ಕಣ್ಣಿಂದ ಕಂಡಿರಲಿಲ್ಲ. ನಮ್ಮೂರಲ್ಲಿ ಕುಡಿಯುವ ಪುನರ್ಪುಳಿ ಹಣ್ಣಿನ ಪಾನಕದಂತೆ ಏನೋ ಇರಬೇಕು ಅಂದುಕೊಂಡೆ. ಜನರೆದುರು ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ.

"ಹಚ್ಚಿ ಅಜ್ಜಿ, ಹುಳಿ ಒಳ್ಳೆಯದೇ," ಎಂದುಬಿಟ್ಟೆ.

ಮೂರನೆಯ ದಿನ ಸೀತೆ ಮುಖಕ್ಕೆ ಬಟ್ಟೆ ಮುಚ್ಚಿಕೊಂಡು ಬಂದಳು. ಬಟ್ಟೆ ಸರಿಸಿದೆ. ಅಯ್ಯೋ ದೇವರೇ! ಎರಡೂ ಕೆನ್ನೆಯ ಚರ್ಮ ಸುಲಿದು ರಸ ಸುರಿಯುತ್ತಿತ್ತು. ಜೊತೆಗಿದ್ದ ಅಜ್ಜಿ ಸೆರಗಿನಿಂದ ಸಣ್ಣ ಬಾಟ್ಲಿ ತೆಗೆದರು. ಹಣ್ಣಿನ ರಸವನ್ನು ಕಪ್ಪಾಗುವ ತನಕ ಕುದಿಸಿ ಬತ್ತಿಸಿದ್ದು, ಬೆಲ್ಲದ ಪಾಕದಷ್ಟು ಗಟ್ಟಿ. ನಾಲಿಗೆಗೆ ಒಂದು ಹನಿ ಮುಟ್ಟಿಸಿದೆ, ಹಲ್ಲು ಚುಳ್ಳೆಂದಿತು. ಅಡುಗೆಗೆ ಚಮಚದಲ್ಲಿ ಹಾಕುವುದನ್ನು, ಗಂಧಕದಿಂದ ಮೊದಲೇ ತೆಳುವಾದ ಚರ್ಮಕ್ಕೆ ರಾತ್ರಿಯಿಡೀ ಬಳಿದಿದ್ದರು.

"ಅಜ್ಜಿ, ತಪ್ಪು ನನ್ನದು," ಎಂದೆ. "ಅದೇನೆಂದು ತಿಳಿಯದೆ ಹಚ್ಚಿ ಅಂದೆ."

"ಬಿಡ್ತು ಅನ್ನಿ! ನೀವು ಸರಿಯಾಗೇ ಹೇಳಿದ್ದು. ಬೇಗ ಹೋಗ್ಲಿ ಅಂತ ದಪ್ಪಕ್ಕೆ ಮೆತ್ತಿದ್ದು ನಾನು, ಪಾಪಿ!" ಎಂದು ಅಜ್ಜಿ ತಲೆ ಚಚ್ಚಿಕೊಂಡರು. ಎಷ್ಟು ಹೇಳಿದರೂ ಕೇಳಲಿಲ್ಲ. ಡಾಕ್ಟರು ತಪ್ಪು ಮಾಡುತ್ತಾರೆಂಬುದೇ ಅವರ ತಲೆಗೆ ಹೋಗದ ಮಾತು.

ಗಾಯಕ್ಕೆ ಮುಲಾಮು ಹಚ್ಚಿ ಬಟ್ಟೆ ಕಟ್ಟಿ, ಸೈಕಲ್ ಹತ್ತಿ ಬಂಗ್ಲೆಗೆ ಹೋದೆ. ದೊರೆಸಾನಿಗೆ ನಡೆದದ್ದೆಲ್ಲ ಹೇಳಿ, ಗಾಯ ಮಾಯುವ ತನಕ ಕಾಯಬೇಕೆಂದು ಬೇಡಿಕೊಂಡೆ. ಆಕೆ ಕೆಟ್ಟವರಲ್ಲ. "ಡಾಕ್ಟರ್, ಅವಳ ಚಂದ ನನಗೇಕೆ? ಮಗುವಿಗೆ ಅಂಟುತ್ತದೋ ಎಂಬ ಭಯ ಒಂದೇ ನನಗಿದ್ದದ್ದು. ಅಂಟುವುದಿಲ್ಲ ಎಂದು ನೀವು ಆವತ್ತೇ ಒಂದು ಮಾತು ಹೇಳಿಕಳಿಸಿದ್ದರೆ ಸಾಕಿತ್ತಲ್ಲ," ಎಂದರು. ಆ ಬೆಳಿಗ್ಗೆಯಷ್ಟೇ ಬೇರೆ ಹುಡುಗಿಗೆ ಮಾತು ಕೊಟ್ಟಾಗಿತ್ತು.

ಅಂಟುರೋಗವಲ್ಲ ಎಂದು ನಾನು ಹೇಳಿಯೇ ಇದ್ದೆ, ಆದರೆ ಹೇಳಿದ್ದು ಅದನ್ನು ಕೇಳಬೇಕಾದವರಿಗಲ್ಲ. ಹುಡುಗಿಗೆ ಬೇಕಿದ್ದದ್ದು ಔಷಧಿಯೇ ಅಲ್ಲ.

ಗಾಯ ಮಾಯಿತು, ಕಲೆ ಮೊದಲಿಗಿಂತ ಕಪ್ಪಾಗಿ ಹರಡಿತು. ಸುಟ್ಟ ಚರ್ಮದ ಗುಣವೇ ಅದು. ಸೀತೆ ಪಿಕ್ಕಿಂಗಿಗೆ ಹೋದಳು. ಪ್ರತಿ ಚಳಿಗಾಲ ಉಬ್ಬಸ ಹೆಚ್ಚಿ ಬರುತ್ತಿದ್ದಳು, ನಾನು ಎಫೆಡ್ರಿನ್ ಕೊಡುತ್ತಿದ್ದೆ. ಜೊತೆಗೆ ಬಂದ ಅಜ್ಜಿ ಜಗಲಿಯಲ್ಲಿ ಕೂತವರಿಗೆಲ್ಲ, "ಇವಳ ಮುಖ ಸುಟ್ಟವಳು ನಾನು, ಉಳಿಸಿದವರು ಇವರು," ಎಂದು ಹೇಳುವರು. ಅಲ್ಲ ಎಂದು ನಾನು ಕೂಗಿ ಹೇಳಿದರೆ, ಎಂಥ ದೊಡ್ಡ ಗುಣ ಎಂದು ಜನ ಕೈಮುಗಿಯುವರು. ಆ ನಮಸ್ಕಾರ ನನಗೆ ಕೆನ್ನೆಗೆ ಹೊಡೆದಂತಿರುತ್ತಿತ್ತು.

ನನಗೆ ವರ್ಗವಾದಾಗ ಇಬ್ಬರೂ ಕಿತ್ತಳೆಯ ಬುಟ್ಟಿ ಹಿಡಿದು ಬಂದರು. ಕೊನೆಯ ಬಾರಿಯೆಂದು ಅಜ್ಜಿಯ ಕೈ ಹಿಡಿದು ಮತ್ತೆ ಶುರುಮಾಡಿದೆ. ಅವರು ಕಿವಿ ಮುಚ್ಚಿಕೊಂಡು ಹೊರಗೆ ಹೋದರು. ಸೀತೆ ಮಾತ್ರ ನಿಂತಿದ್ದಳು.

"ಬಿಡಿ ಡಾಕ್ಟ್ರೇ, ಅಜ್ಜಿ ನಂಬೋದಿಲ್ಲ," ಎಂದಳು. "ನಂಗೆ ಗೊತ್ತುಂಟು. ನೀವು ಹಚ್ಚಿ ಅನ್ನುವಾಗ ನಮ್ಮ ಕಡೆ ನೋಡ್ಲೂ ಇಲ್ಲ."

ಅಂದಿನಿಂದ ನಿವೃತ್ತಿಯ ತನಕ, ಜಗಲಿಯಲ್ಲಿ ಎಷ್ಟೇ ಜನವಿರಲಿ, ರೋಗಿಯ ಮುಖ ನೋಡದೆ ನಾನು ಒಂದು ಮಾತೂ ಆಡಲಿಲ್ಲ. ನೋಡಿದ ಪ್ರತಿ ಮುಖದಲ್ಲೂ ಆ ಎರಡು ಕೆನ್ನೆ ಕಾಣುತ್ತಿದ್ದವು.