ವೀಸಾ ಕಿಟಕಿಯಲ್ಲಿ ಒಡಪು

ಬಂಧುಗಳೇ, ಇವತ್ತು ನಮ್ಮ ವೀಸಾ ನನ್ನ ಹೆಸರಿಗೇ ಸಿಕ್ಕಿಕೊಂಡಿತ್ತು. ಮಗಳ ಸಂಸಾರ ಕೆನಡಾಕ್ಕೆ ಹೊರಟಿದೆ. ನಮ್ಮಿಬ್ಬರನ್ನು ಮುಂಬಯಿಯ ಮುಲುಂಡಿನಲ್ಲಿ ಬಿಟ್ಟುಹೋಗಲು ಅವಳು ತಯಾರಿಲ್ಲ. ಸಂದರ್ಶನದಲ್ಲಿ ಸಾಹೇಬರು ನನ್ನ ಹೆಂಡತಿಯನ್ನು ಕೇಳಿದರು: "ಗಂಡನ ಹೆಸರು?"

ನಲವತ್ತಾರು ವರ್ಷಗಳಲ್ಲಿ ಒಮ್ಮೆಯೂ ನನ್ನ ಹೆಸರು ಹಿಡಿದು ಕರೆದವಳಲ್ಲ. "ಇವ್ರ ನೋಡ್ರಿ" ಎಂದು ನನ್ನತ್ತ ಬೆರಳು ತೋರಿಸಿದಳು. ಪ್ರಶ್ನೆ ಅವಳಿಗೆ, ನಾನು ಬಾಯಿ ಬಿಡುವಂತಿರಲಿಲ್ಲ. ಸಾಹೇಬರ ಮುಖದಲ್ಲಿ ಸಂಶಯ ಮೂಡಿತು. ದುಭಾಷಿ ಮರಾಠಿ ಹುಡುಗಿ ಗಾಬರಿಯಾಗಿ, "ಆಜಿ, ನಾವ್ ಸಾಂಗಾ ನಾ!" ಎಂದಳು, ಅಜ್ಜಿ ಹೆಸರು ಹೇಳಿ ಎಂದು.

ನಮ್ಮ ಕಡೆ ಗಂಡನ ಹೆಸರು ಹೇಳುವುದಾದರೆ ಒಡಪಿನಲ್ಲೇ, ಪ್ರಾಸ ಕಟ್ಟಿಯೇ ಹೇಳಬೇಕು. ಇವಳು ಸೆರಗು ಸರಿಮಾಡಿಕೊಂಡು ರಾಗವಾಗಿ ಶುರುಮಾಡಿದಳು:

"ಬೆಳ್ಳಿ ಬಟ್ಟಲದಾಗ ಕೇಸರಿ ಹಾಲು ಕುಡಿಸತೀನಿ,
ಶಂಕ್ರಪ್ಪನವರ ಕೈ ಹಿಡದು ವಿಮಾನ ಹತ್ತತೀನಿ!"

ಮರಾಠಿಯವರಲ್ಲೂ ಈ ಪದ್ಧತಿ ಇದೆಯಲ್ಲ, ಹುಡುಗಿ ಚಪ್ಪಾಳೆ ತಟ್ಟಿದಳು. ಸಾಹೇಬರೂ ನಕ್ಕು, ನನ್ನತ್ತ ತಿರುಗಿ ಹೆಂಡತಿಯ ಹೆಸರು ಕೇಳಿದರು. ನಾನು "ನೀಲಮ್ಮ" ಎಂದು ಸೀದಾ ಹೇಳಿಬಿಟ್ಟೆ.

ಮನೆಗೆ ಮರಳುವಾಗ ಲೋಕಲ್ ರೈಲಿನಲ್ಲಿ ಇವಳ ಮುಖ ಊದಿತ್ತು. "ಬರೇ ಹೆಸರ ಹೇಳಿದ್ರಿ. ನೀವೂ ಒಡಪು ಹಾಕೋತನಾ ನಾ ವಿಮಾನ ಹತ್ತಂಗಿಲ್ಲ!"

ಸಾಹೇಬರೇನೋ ಒಪ್ಪಿದಂತಿದೆ. ನೀಲಮ್ಮನನ್ನು ಒಪ್ಪಿಸುವಂಥ ಪ್ರಾಸ ಯಾರಲ್ಲಾದರೂ ಇದ್ದರೆ ದಯವಿಟ್ಟು ಬೇಗ ಕಳಿಸಿ.